ಮಳೆ ಬಂದ ಸಂಜೆಗಳಲ್ಲಿ ಹಳೆಯ ಐಸ್ ಸ್ಕೇಟಿಂಗ್: ತುಮಕೂರಿನ ಒಂದು ಪ್ರಕರಣ ಅಧ್ಯಯನ

ತುಮಕೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಸಂಜೆ ಮಳೆಯ ತಿಂಗಳು. ಬಯಲಲ್ಲಿರುವ ಕಾಂಕ್ರೀಟ್ ರಿಂಕ್ ಒಮ್ಮೆ ನೆನೆಯಿತೆಂದರೆ ಅವತ್ತಿನ ರೋಲರ್ ಸ್ಕೇಟಿಂಗ್ ತರಗತಿ ಮುಗಿದಂತೆಯೇ. ಒದ್ದೆ ಸಿಮೆಂಟಿನ ಮೇಲೆ ಚಕ್ರ ಹಿಡಿತ ಬಿಡುತ್ತದೆ, ಬೇರಿಂಗಿನೊಳಗೆ ನೀರು ಸೇರಿದರೆ ತುಕ್ಕು ಹಿಡಿದು ಕಿರಗುಟ್ಟತೊಡಗುತ್ತದೆ. ಊರಿನ ಒಂದು ತರಗತಿಯ ತರಬೇತುದಾರರು ಇಂಥ ಸಂಜೆಗಳನ್ನು ಹಾಳು ಮಾಡುವುದು ಬೇಡವೆಂದು ಪಕ್ಕದ ಹಾಲಿನಲ್ಲಿ ಪ್ರೊಜೆಕ್ಟರ್ ಇಟ್ಟು, ಕಳೆದ ಶತಮಾನದ ಹೆಸರುವಾಸಿ ಫಿಗರ್ ಸ್ಕೇಟಿಂಗ್ ಪ್ರದರ್ಶನಗಳನ್ನು ಮಕ್ಕಳಿಗೆ ತೋರಿಸಲು ಹೊರಟರು. ಮೊದಲ ಸಂಜೆ ಪೂರ್ತಿ ಕೈಕೊಟ್ಟಿತು. ಯಾಕೆ ಕೈಕೊಟ್ಟಿತು, ಏನನ್ನು ಬದಲಾಯಿಸಿದ ಮೇಲೆ ಅವೇ ಮಕ್ಕಳು ಅವೇ ವಿಡಿಯೊಗಳನ್ನು ಕೇಳಿ ಹಾಕಿಸಿಕೊಂಡು ನೋಡಿದರು ಎಂಬುದನ್ನು ಇಲ್ಲಿ ಬರೆದಿಟ್ಟಿದೆ.

ಸೇರಿದವರಲ್ಲಿ ಹೆಚ್ಚಿನವರು ಒಂಬತ್ತರಿಂದ ಹದಿನಾಲ್ಕು ವರ್ಷದ ಮಕ್ಕಳು. ನಾಲ್ಕು ಚಕ್ರದ ಕ್ವಾಡ್ ಸ್ಕೇಟ್ ಕಟ್ಟಿ ಆರ್ಟಿಸ್ಟಿಕ್ ವಿಭಾಗಕ್ಕೆ ಅಭ್ಯಾಸ ಮಾಡುವವರು ಜಾಸ್ತಿ, ಒಂದೇ ಸಾಲಿನ ಚಕ್ರದ ಇನ್‌ಲೈನ್ ಸ್ಕೇಟ್ ಕಟ್ಟಿ ಸ್ಪೀಡ್ ಓಡುವವರು ಕಡಿಮೆ. ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮಂದಿರೂ ಕೂತರು. ಅದೇ ಹಾಲಿನಲ್ಲಿ ಬೆಳಗ್ಗೆ ಭರತನಾಟ್ಯ ಹೇಳಿಕೊಡುವ ಮೇಡಂ ಕೂಡ ಇದ್ದರು. ಐಸ್ ಮೇಲೆ ಕಾಲಿಟ್ಟವರು ಯಾರೂ ಇಲ್ಲ. ದೊಡ್ಡ ಐಸ್ ರಿಂಕ್ ನೋಡಬೇಕಾದರೆ ಶಿಮ್ಲಾಕ್ಕೋ ಡೆಹ್ರಾಡೂನಿಗೋ ಹೋಗಬೇಕು. ಹಾಗಂತ ಇವರಿಗೆ ಏನೂ ಗೊತ್ತಿಲ್ಲ ಎಂದಲ್ಲ. ಆಕ್ಸೆಲ್, ಸಾಲ್ಕೋ, ಲೂಪ್, ಫ್ಲಿಪ್, ಲುಟ್ಜ್ ಎಂಬ ಜಂಪ್‌ಗಳೆಲ್ಲ ರೋಲರ್‌ನಲ್ಲೂ ಇವೆ. ಐಸ್‌ನ ಟೋ ಲೂಪನ್ನು ರೋಲರ್‌ನವರು ಮೇಪ್ಸ್ ಅನ್ನುತ್ತಾರೆ, ಅಷ್ಟೆ. ಐಸ್ ಸ್ಕೇಟಿನ ಬ್ಲೇಡ್ ಸುಮಾರು 4 ಮಿಲಿಮೀಟರ್ ದಪ್ಪ, ಅಡಿಭಾಗದಲ್ಲಿ ಉದ್ದಕ್ಕೂ ಸಣ್ಣ ಕೊರಕಲು. ಆ ಕೊರಕಲಿನ ಎರಡು ಅಂಚುಗಳೇ ಇನ್‌ಸೈಡ್ ಎಡ್ಜ್, ಔಟ್‌ಸೈಡ್ ಎಡ್ಜ್. ಕ್ವಾಡ್ ಸ್ಕೇಟ್‌ನಲ್ಲಿ ಪಾದ ಓರೆ ಮಾಡಿದಾಗ ಚಕ್ರ ಕೂರಿಸಿದ ಟ್ರಕ್ ತಿರುಗಿ ಅದೇ ಕೆಲಸ ಆಗುತ್ತದೆ. ಹಾಗಾಗಿ ಎಡ್ಜ್ ಎಂದರೇನೆಂದು ಈ ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಸಂಜೆ ಆದದ್ದು

ಚಳಿಗಾಲದ ಒಲಿಂಪಿಕ್ಸ್‌ನ ಪ್ರದರ್ಶನಗಳ ಪಟ್ಟಿ ಕಾಲಕ್ರಮದಲ್ಲಿತ್ತು. 1936ರ ಸೋನ್ಯಾ ಹೆನಿ, 1952ರ ಓಸ್ಲೋದಲ್ಲಿ ಮೊದಲ ಟ್ರಿಪಲ್ (ಮೂರು ಸುತ್ತಿನ) ಜಂಪ್ ಮಾಡಿದ ಡಿಕ್ ಬಟನ್, 1968ರ ಗ್ರೆನೋಬಲ್‌ನ ಪೆಗ್ಗಿ ಫ್ಲೆಮಿಂಗ್, 1972ರ ಸಪ್ಪೊರೊದ ಜಾನೆಟ್ ಲಿನ್, 1976ರ ಇನ್ಸ್‌ಬ್ರುಕ್‌ನ ಜಾನ್ ಕರಿ. ಮಕ್ಕಳು ಫೋನಿನಲ್ಲಿ ಅಮೆರಿಕದ ಇಲ್ಯಾ ಮಾಲಿನಿನ್ ನಾಲ್ಕೂವರೆ ಸುತ್ತಿನ ಆಕ್ಸೆಲ್ ಹೊಡೆಯುವುದನ್ನು ನೋಡಿದವರು. ಅದು 2022ರದು. ಅದನ್ನು ಕಂಡ ಕಣ್ಣಿಗೆ ಕಪ್ಪುಬಿಳುಪಿನ ಒಂದು ಸುತ್ತಿನ ಜಂಪ್ ಏನನ್ನೂ ಹೇಳಲಿಲ್ಲ. "ಸರ್, ಇವ್ರು ಬರೀ ಸುತ್ತ್‌ಹಾಕ್ತಾ ಇದಾರಲ್ಲ, ಯಾವಾಗ ಹಾರೋದು?" ಎಂದು ಒಬ್ಬ ಕೇಳಿದ. ಎರಡೂವರೆ ಸುತ್ತಿಗೆ ಆಗ ಚಿನ್ನ ಕೊಡುತ್ತಿದ್ದರಾ ಎಂದು ಒಬ್ಬರ ತಂದೆ ಕೇಳಿದರು. ಫ್ಲೆಮಿಂಗ್ ಮುಗಿಯುವ ಹೊತ್ತಿಗೆ ಹಿಂದಿನ ಸಾಲು ಖಾಲಿ.

ಆ ಸಂಜೆ ಕೆಲಸಕ್ಕೆ ಬಂದ ಮಾತು ಭರತನಾಟ್ಯದ ಮೇಡಂ ಹೇಳಿದ್ದು: "ಸರ್, ಇವರ ಕಾಲಿಗೂ ಹಾಡಿಗೂ ತಾಳ ಕೂಡ್ತಾನೇ ಇಲ್ಲ. ಒಬ್ಬರಿಗಾದ್ರೆ ಸರಿ, ಎಲ್ಲರಿಗೂ ಹಾಗೇ ಆಗತ್ತಾ?" ಸಂಗೀತಕ್ಕೆ ತಕ್ಕಂತೆ ಸ್ಕೇಟ್ ಮಾಡುವುದರಲ್ಲೇ ಹೆಸರಾದವರು ಜಾನೆಟ್ ಲಿನ್, ಜಾನ್ ಕರಿ. ಅವರಿಬ್ಬರೂ ತಾಳ ತಪ್ಪಿದಂತೆ ಕಂಡರೆ ಸ್ಕೇಟರ್‌ನ ಮೇಲಲ್ಲ, ತೋರಿಸುವ ಸಾಧನದ ಮೇಲೆ ಅನುಮಾನ ಪಡಬೇಕು. ಅಲ್ಲಿಂದ ಹುಡುಕಿಕೊಂಡು ಹೋದಾಗ ತೊಡಕುಗಳು ಒಂದೊಂದಾಗಿ ಹೊರಬಿದ್ದವು. ಹಳೆಯ ಪ್ರದರ್ಶನ ಸಪ್ಪೆಯಾಗಿ ಕಾಣುವುದಕ್ಕೆ ಅರ್ಧ ಕಾರಣ ನಮ್ಮ ಪರದೆ ಮತ್ತು ಸ್ಪೀಕರ್, ಉಳಿದರ್ಧ ನಮ್ಮ ಲೆಕ್ಕಾಚಾರ. ಎರಡನ್ನೂ ಸರಿಪಡಿಸದೆ ಆ ಸ್ಕೇಟರ್‌ಗಳ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಸದ್ದು

ಪ್ರೊಜೆಕ್ಟರಿಗೆ ಚಿತ್ರ ಎಚ್‌ಡಿಎಂಐ ತಂತಿಯಲ್ಲಿ ಬರುತ್ತಿತ್ತು, ಧ್ವನಿ ಬ್ಲೂಟೂತ್ ಸ್ಪೀಕರಿಗೆ ಹೋಗುತ್ತಿತ್ತು. ಬ್ಲೂಟೂತಿನಲ್ಲಿ ಧ್ವನಿ ತಡವಾಗಿ ಹೊರಡುತ್ತದೆ. ಸಾಮಾನ್ಯ ಸ್ಪೀಕರುಗಳಲ್ಲಿ 0.1ರಿಂದ 0.2 ಸೆಕೆಂಡ್. ವಾರ್ತೆ ನೋಡುವಾಗ ಇದು ಗೊತ್ತಾಗುವುದಿಲ್ಲ. ಸ್ಕೇಟಿಂಗ್‌ನಲ್ಲಿ ಹಾಗಲ್ಲ. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹೋಗುತ್ತಿರುವವರು 0.2 ಸೆಕೆಂಡಿನಲ್ಲಿ ಒಂದು ಮೀಟರ್ ಮುಂದೆ ಹೋಗಿಬಿಟ್ಟಿರುತ್ತಾರೆ. ಸ್ವರ ಬೀಳುವ ಹೊತ್ತಿಗೆ ಸರಿಯಾಗಿ ಇಳಿದ ಜಂಪ್ ಮೊದಲೇ ಇಳಿದಂತೆ ಕಾಣುತ್ತದೆ, ಚಾಚಿದ ಕೈ ಸಂಗೀತಕ್ಕಿಂತ ಮುಂಚೆ ಮುಗಿದುಹೋಗುತ್ತದೆ.

ಪರೀಕ್ಷೆ ಸುಲಭ. ಯಾರಾದರೂ ಚಪ್ಪಾಳೆ ಹೊಡೆಯುವ ವಿಡಿಯೊವನ್ನು ಅದೇ ಲ್ಯಾಪ್‌ಟಾಪ್, ಅದೇ ಸ್ಪೀಕರ್‌ನಲ್ಲಿ ಹಾಕಿ ನೋಡುವುದು. ಕೈ ಕೂಡಿದ ಮೇಲೆ ಸದ್ದು ಬಂದರೆ ತಡವಿದೆ ಎಂದೇ ಅರ್ಥ. ಬಿ.ಎಚ್. ರಸ್ತೆಯ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುವ 3.5 ಮಿಲಿಮೀಟರ್ ಆಕ್ಸ್ ತಂತಿ ಹಾಕಿದರೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ತಂತಿ ಇಲ್ಲದಿದ್ದರೆ ವಿಎಲ್‌ಸಿ ಪ್ಲೇಯರ್‌ನಲ್ಲಿ ಜೆ ಕೀ ಒತ್ತಿದಾಗಲೆಲ್ಲ ಧ್ವನಿ 50 ಮಿಲಿಸೆಕೆಂಡ್ ಮುಂದಕ್ಕೆ ಬರುತ್ತದೆ. ಜಾಸ್ತಿ ಆಯಿತೆನಿಸಿದರೆ ಕೆ ಕೀ ಒತ್ತಿ ಹಿಂದಕ್ಕೆ ತಳ್ಳಬಹುದು. ಮೂರು ನಾಲ್ಕು ಸಲ ಒತ್ತಿದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಸ್ಕೇಟಿಂಗ್ ವಿಡಿಯೊದಲ್ಲೇ ಸರಿನೋಡಬೇಕೆಂದರೆ ಬ್ಲೇಡಿನ ಮುಂತುದಿಯ ಹಲ್ಲು, ಅಂದರೆ ಟೋ ಪಿಕ್, ಐಸಿಗೆ ಕುಟ್ಟುವ ಟಕ್ ಸದ್ದನ್ನು ಹಿಡಿಯಬೇಕು. ವೀಕ್ಷಕ ವಿವರಣೆ ಇಲ್ಲದ ಪ್ರತಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಬ್ಲೇಡಿನ ಸದ್ದು ಚೆನ್ನಾಗಿ ಕೇಳಿಸುವುದು ಅದರಲ್ಲೇ.

ಪರದೆ

1970, 80ರ ದಶಕದ ಟಿವಿ ಚಿತ್ರದ ಅಗಲ-ಎತ್ತರದ ಪ್ರಮಾಣ 4:3. ಇವತ್ತಿನ ಪ್ರೊಜೆಕ್ಟರ್ ಅದನ್ನು 16:9ಕ್ಕೆ ಎಳೆದು ಪರದೆ ತುಂಬಿಸಿತ್ತು. ಎತ್ತರ ಇದ್ದಷ್ಟೇ, ಅಗಲ ಮೂರರಲ್ಲಿ ಒಂದು ಪಾಲು ಜಾಸ್ತಿ. ಇದರಿಂದ ಸ್ಕೇಟರ್ ಕುಳ್ಳಗೆ, ದಪ್ಪಗೆ ಕಾಣುತ್ತಾರೆ ಎನ್ನುವುದು ಸಣ್ಣ ಮಾತು. ಜಂಪ್ ತಗ್ಗಾಗಿ ಕಾಣುತ್ತದೆ, ಬೆನ್ನು ಬಾಗಿಸಿ ಸುತ್ತುವ ಲೇಬ್ಯಾಕ್ ಸ್ಪಿನ್‌ನ ಬಾಗು ಚಪ್ಪಟೆಯಾಗುತ್ತದೆ, ದೇಹದ ಓರೆ ಬದಲಾಗುವುದರಿಂದ ಎಡ್ಜ್ ಎಷ್ಟು ಆಳ ಎಂದು ಅಳೆಯಲು ಆಗುವುದಿಲ್ಲ. ಹಳೆಯವರನ್ನು ಮೆಚ್ಚಬೇಕಾದ ಮುಖ್ಯ ಅಂಶವೇ ಅಲ್ಲಿ ನಾಶವಾಗಿತ್ತು.

ಇದನ್ನು ಹಿಡಿದದ್ದು ಒಬ್ಬ ಹುಡುಗಿ. ಪರದೆಯ ಮೇಲೆ ಬರುವ ಶೀರ್ಷಿಕೆಯಲ್ಲಿ ಒಲಿಂಪಿಕ್ಸ್‌ನ ಐದು ಉಂಗುರಗಳು ಮೊಟ್ಟೆಯ ಆಕಾರದಲ್ಲಿವೆ ಎಂದು ಅವಳು ತೋರಿಸಿದಳು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ: ಉಂಗುರ ದುಂಡಗಿದ್ದರೆ ಚಿತ್ರ ಸರಿ. ಪ್ರೊಜೆಕ್ಟರ್ ರಿಮೋಟಿನಲ್ಲಿ ಆಸ್ಪೆಕ್ಟ್ ಎಂಬ ಗುಂಡಿ ಒತ್ತಿ 4:3 ಆರಿಸಬೇಕು, ಅಥವಾ ವಿಎಲ್‌ಸಿಯಲ್ಲಿ ಎ ಕೀ ಒತ್ತುತ್ತಾ ಹೋಗಬೇಕು. ಎರಡೂ ಬದಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಕೆಲವು ಆನ್‌ಲೈನ್ ಪ್ರತಿಗಳಲ್ಲಿ ಎಳೆದ ಚಿತ್ರವನ್ನೇ ಏರಿಸಿರುತ್ತಾರೆ, ಇನ್ನು ಕೆಲವರು ಪರದೆ ತುಂಬಲೆಂದು ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಕತ್ತರಿಸಿದ ಪ್ರತಿಯಲ್ಲಿ ಪಾದವೇ ಕಾಣದು. ಅದನ್ನು ಬಿಟ್ಟು ಬೇರೆ ಹುಡುಕುವುದೊಂದೇ ದಾರಿ.

ಇನ್ನೊಂದು ವಿಷಯ ಚಿತ್ರದ ವೇಗ. ಯುರೋಪಿನ ಟಿವಿ ಸೆಕೆಂಡಿಗೆ 50 ಅರ್ಧಚಿತ್ರಗಳನ್ನು, ಅಮೆರಿಕ ಮತ್ತು ಜಪಾನಿನ ಟಿವಿ ಸುಮಾರು 60 ಅರ್ಧಚಿತ್ರಗಳನ್ನು ಸಾಲು ಬಿಟ್ಟು ಸಾಲು ಕಳಿಸುತ್ತಿತ್ತು. ಅದನ್ನು ನೇರ ಕಂಪ್ಯೂಟರ್‌ನಲ್ಲಿ ಹಾಕಿದರೆ ವೇಗವಾಗಿ ಚಲಿಸುವ ಕಾಲಿನ ಸುತ್ತ ಬಾಚಣಿಗೆ ಹಲ್ಲಿನಂಥ ಗೆರೆ ಮೂಡುತ್ತದೆ. ವಿಎಲ್‌ಸಿಯ ಡಿ ಕೀ ಒತ್ತಿದರೆ ಗೆರೆ ಹೋಗುತ್ತದೆ; ವಿಡಿಯೊ ಮೆನುವಿನ ಡಿಇಂಟರ್‌ಲೇಸ್ ವಿಭಾಗದಲ್ಲಿ ಯಾಡಿಫ್ 2ಎಕ್ಸ್ ಆರಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಪ್ರತಿ ಅರ್ಧಚಿತ್ರವೂ ಬೇರೆಯಾಗಿ ಸಿಗುತ್ತದೆ. ಜಂಪ್ ಗಾಳಿಯಲ್ಲಿರುವುದು ಅರ್ಧ ಸೆಕೆಂಡಿನಿಂದ ಮುಕ್ಕಾಲು ಸೆಕೆಂಡಿನೊಳಗೆ. ಸೆಕೆಂಡಿಗೆ 25 ಚಿತ್ರವಾದರೆ ಅಷ್ಟರಲ್ಲಿ ಸಿಗುವುದು ಹದಿಮೂರೋ ಹದಿನೆಂಟೋ. 50 ಆದರೆ ಅದರ ಎರಡರಷ್ಟು. ಲುಟ್ಜ್ ಹಾರುವ ಮುನ್ನ ಪಾದ ಔಟ್‌ಸೈಡ್ ಎಡ್ಜ್‌ನಲ್ಲೇ ನಿಂತಿತ್ತೋ, ಕಡೇ ಗಳಿಗೆಯಲ್ಲಿ ಇನ್‌ಸೈಡಿಗೆ ವಾಲಿ ಫ್ಲಿಪ್ ಆಗಿಬಿಟ್ಟಿತೋ ಎನ್ನುವುದು ಆ ಹೆಚ್ಚಿನ ಚಿತ್ರಗಳಲ್ಲೇ ಕಾಣುವುದು. ಒಂದೊಂದೇ ಚಿತ್ರ ಮುಂದೆ ಸರಿಸಲು ಇ ಕೀ. ಅದೇ ಪ್ರಸಾರದಲ್ಲಿ ಬರುವ ನಿಧಾನಗತಿಯ ಮರುಪ್ರದರ್ಶನವನ್ನು ಎಡ್ಜ್ ನೋಡಲು ಬಳಸಬಹುದು, ಸಮಯ ಅಳೆಯಲು ಬಳಸಬಾರದು. ಅದನ್ನು ಎಷ್ಟು ನಿಧಾನಗೊಳಿಸಿದ್ದಾರೆಂದು ತಿಳಿಯುವ ದಾರಿ ಇಲ್ಲ.

1920ರ ದಶಕದ ಮೂಕಚಿತ್ರದ ತುಣುಕುಗಳು ಬೇರೆಯೇ ಕಥೆ. ಕಡಿಮೆ ವೇಗದಲ್ಲಿ ತೆಗೆದದ್ದನ್ನು ಈಗಿನ ವೇಗದಲ್ಲಿ ಓಡಿಸಿದರೆ ಹೆನಿಯಂಥವರೂ ಗೊಂಬೆಯ ಹಾಗೆ ಕುಣಿಯುತ್ತಾರೆ. ವಿಎಲ್‌ಸಿಯಲ್ಲಿ ಎಡ ಚೌಕ ಕಂಸದ ಕೀ ಒತ್ತಿ ವೇಗ ಇಳಿಸಿ, ಬದಿಯಲ್ಲಿ ನಡೆದುಹೋಗುವ ಜನರ ನಡಿಗೆ ಸಹಜವಾಗುವವರೆಗೆ ಹೊಂದಿಸಿಕೊಳ್ಳಬೇಕು.

ಲೆಕ್ಕ ಸರಿಮಾಡಿದ್ದು: ಸಪ್ಪೊರೊ 1972

ಸಾಧನ ಸರಿಹೋದ ಮೇಲೂ ಆ ತಂದೆಯ ಪ್ರಶ್ನೆ ಹಾಗೇ ಇತ್ತು. ಅದಕ್ಕೆ ಮಾತಿನಲ್ಲಿ ಉತ್ತರಿಸುವ ಬದಲು ತರಬೇತುದಾರರು ಇನ್ನೂ ಕಷ್ಟದ ಪ್ರಶ್ನೆಯೊಂದನ್ನು ಮಕ್ಕಳ ಮುಂದಿಟ್ಟರು. ಸಪ್ಪೊರೊದಲ್ಲಿ ಫ್ರೀ ಸ್ಕೇಟಿಂಗ್‌ನಲ್ಲಿ, ಅಂದರೆ ಸಂಗೀತಕ್ಕೆ ಜಂಪ್, ಸ್ಪಿನ್ ಮಾಡುವ ಭಾಗದಲ್ಲಿ, ಎಲ್ಲರಿಗಿಂತ ಮುಂದಿದ್ದದ್ದು ಅಮೆರಿಕದ ಜಾನೆಟ್ ಲಿನ್. ಆಸ್ಟ್ರಿಯಾದ ಟ್ರಿಕ್ಸಿ ಶೂಬಾ ಅದರಲ್ಲಿ ಏಳನೆಯವರು. ಚಿನ್ನ ಶೂಬಾಗೆ, ಬೆಳ್ಳಿ ಕೆನಡಾದ ಕ್ಯಾರೆನ್ ಮ್ಯಾಗ್ನಸನ್‌ಗೆ, ಲಿನ್‌ಗೆ ಕಂಚು. ಹೇಗೆ?

ಉತ್ತರ ಕಂಪಲ್ಸರಿ ಫಿಗರ್ಸ್‌ನಲ್ಲಿದೆ. ಅಂದು ಒಟ್ಟು ಅಂಕದಲ್ಲಿ ಅರ್ಧ ಅದಕ್ಕೆ, ಅರ್ಧ ಫ್ರೀ ಸ್ಕೇಟಿಂಗಿಗೆ. ಖಾಲಿ ಐಸಿನ ಮೇಲೆ ಒಂಟಿ ಕಾಲಿನಲ್ಲಿ ಎಂಟರ ಆಕಾರದ ವೃತ್ತಗಳನ್ನು ಕೊರೆದು, ಅದೇ ಗೆರೆಯ ಮೇಲೆ ಮತ್ತೆ ಮತ್ತೆ ಹೋಗಬೇಕು. ಒಂದೊಂದು ಕಾಲಿಗೆ ಮೂರು ಸಲ. ತೀರ್ಪುಗಾರರು ಐಸಿಗೆ ಇಳಿದು, ಬಗ್ಗಿ, ಉಳಿದ ಗೆರೆಗಳನ್ನು ನೋಡುತ್ತಿದ್ದರು. ವೃತ್ತ ದುಂಡಗಿದೆಯೇ, ಮೂರು ಗೆರೆ ಒಂದರ ಮೇಲೊಂದು ಕೂತಿವೆಯೇ, ಎರಡೂ ಅಂಚು ಒಟ್ಟಿಗೆ ತಾಗಿ ಜೋಡಿ ಗೆರೆ ಬಿದ್ದಿದೆಯೇ, ತಿರುವಿನಲ್ಲಿ ಎಡ್ಜ್ ಶುದ್ಧವಾಗಿ ಬದಲಾಗಿದೆಯೇ. ಈ ವಿದ್ಯೆಯಲ್ಲಿ ಶೂಬಾರನ್ನು ಹಿಂದಿಕ್ಕುವವರು ಆಗ ಇರಲಿಲ್ಲ.

ಇದನ್ನು ಹೇಳಿದರೆ ಸಾಲದು, ಕಾಲಿಗೆ ಗೊತ್ತಾಗಬೇಕು. ಒಣಗಿದ ಒಂದು ಬೆಳಗ್ಗೆ ರಿಂಕಿನ ಮೇಲೆ ಸೀಮೆಸುಣ್ಣದಲ್ಲಿ ಫಿಗರ್ ಎಳೆದರು. ವೃತ್ತದ ವ್ಯಾಸ ಸ್ಕೇಟರ್‌ನ ಎತ್ತರದ ಸುಮಾರು ಮೂರರಷ್ಟು ಇರಬೇಕೆಂಬುದು ಫಿಗರ್ಸ್‌ನ ಲೆಕ್ಕ. 140 ಸೆಂಟಿಮೀಟರ್ ಎತ್ತರದ ಹುಡುಗಿಗೆ 4.2 ಮೀಟರ್ ವ್ಯಾಸ. ಆದ್ದರಿಂದ 2.1 ಮೀಟರ್ ಹಗ್ಗ, ಒಂದು ತುದಿಯನ್ನು ಒಬ್ಬರು ನೆಲಕ್ಕೆ ಒತ್ತಿ ಹಿಡಿಯುವುದು, ಇನ್ನೊಂದು ತುದಿಗೆ ಸೀಮೆಸುಣ್ಣ. ಹಗ್ಗ ಹಿಗ್ಗುವಂಥದ್ದಾಗಿರಬಾರದು, ನೈಲಾನ್ ದಾರ ಎಳೆದಷ್ಟೂ ಉದ್ದವಾಗಿ ವೃತ್ತ ಕೆಡುತ್ತದೆ, ಹತ್ತಿಯ ನುಲಿ ಹಗ್ಗ ವಾಸಿ. ಎರಡು ವೃತ್ತ ಒಂದೇ ಬಿಂದುವಿನಲ್ಲಿ ತಾಗಬೇಕು. ಆ ಬಿಂದುವಿನಲ್ಲಿ ನಿಂತು ಎಡಗಾಲಿನಿಂದ ಒಮ್ಮೆ ತಳ್ಳಿ, ಬಲಗಾಲಿನ ಔಟ್‌ಸೈಡ್ ಎಡ್ಜ್‌ನಲ್ಲಿ ಒಂದು ವೃತ್ತ ಪೂರ್ತಿ. ಮತ್ತೆ ಅದೇ ಬಿಂದುವಿಗೆ ಬಂದು ಕಾಲು ಬದಲಿಸಿ ಇನ್ನೊಂದು ವೃತ್ತ. ತಳ್ಳುವುದು ವೃತ್ತಕ್ಕೆ ಒಂದೇ ಸಲ.

4.2 ಮೀಟರ್ ವ್ಯಾಸದ ವೃತ್ತದ ಸುತ್ತಳತೆ 13.2 ಮೀಟರ್. ಒಂದು ತಳ್ಳಿಗೆ ಅಷ್ಟು ದೂರ ಒಂಟಿ ಕಾಲಿನಲ್ಲಿ. ಎಲ್ಲ ಮಕ್ಕಳೂ ಎಡವಿದ್ದು ಒಂದೇ ಜಾಗದಲ್ಲಿ, ವೃತ್ತದ ಮುಕ್ಕಾಲು ಭಾಗ ದಾಟುವಾಗ. ಅಷ್ಟೊತ್ತಿಗೆ ವೇಗ ಇಳಿದಿರುತ್ತದೆ, ಬೀಳುತ್ತೇನೆಂಬ ಹೆದರಿಕೆಗೆ ಭುಜ ಬೇಗ ತಿರುಗಿಬಿಡುತ್ತದೆ, ದೇಹ ವೃತ್ತದ ಒಳಕ್ಕೆ ಬೀಳುತ್ತದೆ, ಗೆರೆ ಒಳಮುಖವಾಗಿ ಮುರಿಯುತ್ತದೆ. ಮೊಣಕಾಲು ನೆಟ್ಟಗೆ ಮಾಡಿದವರು ಅದಕ್ಕೂ ಮುಂಚೆಯೇ ನಿಂತರು. ಸರಿಯಾಗಿ ಮಾಡುವ ಕ್ರಮ ಹೀಗೆ: ಹೊರಡುವಾಗ ಮೊಣಕಾಲು ಬಗ್ಗಿಸಿರಬೇಕು, ನೆಲಕ್ಕೆ ತಾಗದ ಬಿಡುಗಾಲು ಮೊದಲರ್ಧ ಹಿಂದೆ ಇದ್ದು ವೃತ್ತದ ನಡುಭಾಗದಲ್ಲಿ ನಿಧಾನಕ್ಕೆ ಮುಂದೆ ಬರಬೇಕು, ಭುಜಗಳು ಅದರ ಜೊತೆಗೇ ಸಾಗಬೇಕು, ಮೊದಲೇ ಓಡಬಾರದು. ಒಂದು ವ್ಯತ್ಯಾಸವನ್ನೂ ಮರೆಯುವಂತಿಲ್ಲ. ಈ ಮಕ್ಕಳಿಗೆ ಹಿಂಬಾಲಿಸಲು ಸುಣ್ಣದ ಗೆರೆ ಇತ್ತು. ರೋಲರ್ ಫಿಗರ್ಸ್‌ನಲ್ಲೂ ನೆಲದ ಮೇಲೆ ವೃತ್ತ ಬರೆದಿರುತ್ತಾರೆ. ಶೂಬಾ ಮುಂದೆ ಇದ್ದದ್ದು ಬರೀ ಬಿಳಿ ಐಸ್. ಮೊದಲ ವೃತ್ತವನ್ನು ಕಣ್ಣಂದಾಜಿನಲ್ಲಿ ಅವರೇ ಹುಟ್ಟಿಸಬೇಕಿತ್ತು, ಉಳಿದೆರಡು ಸಲ ಅದರ ಮೇಲೆಯೇ ಹೋಗಬೇಕಿತ್ತು. ರಂಗೋಲಿಯ ಎಳೆಯನ್ನು ಚುಕ್ಕಿಯಿಲ್ಲದೆ ಕಾಲಿನಿಂದ ಹಾಕಿದ ಹಾಗೆ.

ಆ ಬೆಳಗ್ಗೆಯ ನಂತರ ಲಿನ್ ಅವರ ಫ್ರೀ ಸ್ಕೇಟ್ ಮತ್ತೆ ಹಾಕಿದಾಗ ಮಕ್ಕಳು ಜಂಪಿಗೆ ಕಾಯಲಿಲ್ಲ. ಒಂದು ತಳ್ಳಿಗೆ ಎಷ್ಟು ದೂರ ಹೋಗುತ್ತಾರೆ, ಎಷ್ಟು ವಾಲುತ್ತಾರೆ, ವಾಲಿಕೊಂಡೇ ಕೈ ಹೇಗೆ ಚಾಚುತ್ತಾರೆ ಎಂದು ನೋಡಿದರು. ಅವರು ಹಾರಿ ಕೂತು ಸುತ್ತುವ ಫ್ಲೈಯಿಂಗ್ ಸಿಟ್ ಸ್ಪಿನ್‌ನಲ್ಲಿ ಬಿದ್ದು ಕೂತಲ್ಲೇ ನಕ್ಕು ಎದ್ದದ್ದನ್ನು ಕಂಡು ಸಣ್ಣವರೆಲ್ಲ "ಸರ್, ಇನ್ನೊಂದ್ಸಲ" ಎಂದರು. ಜಪಾನಿನ ಜನ ಅವರನ್ನು ಮನಸ್ಸಿಗೆ ಹಚ್ಚಿಕೊಂಡದ್ದು ಆ ನಗುವಿಗೇ.

ಆ ಫಲಿತಾಂಶ ಸರಿಯೋ ತಪ್ಪೋ ಎಂಬ ವಾದ ಹಾಲಿನಲ್ಲಿ ಜೋರಾಗಿಯೇ ನಡೆಯಿತು. ನಿಯಮ ಬದಲಾದದ್ದಂತೂ ನಿಜ. ಮುಂದಿನ ಋತುವಿನಿಂದಲೇ ಗೊತ್ತುಪಡಿಸಿದ ಅಂಶಗಳ ಚಿಕ್ಕ ಪ್ರದರ್ಶನವಾದ ಶಾರ್ಟ್ ಪ್ರೋಗ್ರಾಂ ಬಂತು. 1988ರ ಕ್ಯಾಲ್ಗರಿಯ ಹೊತ್ತಿಗೆ ಫಿಗರ್ಸ್‌ಗೆ 30, ಶಾರ್ಟ್ ಪ್ರೋಗ್ರಾಂಗೆ 20, ಫ್ರೀ ಸ್ಕೇಟಿಂಗಿಗೆ 50 ಪಾಲು. 1990ರ ನಂತರ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಫಿಗರ್ಸ್ ಪೂರ್ತಿ ನಿಂತಿತು. ಅಲ್ಲಿಯವರೆಗಿನ ಸ್ಕೇಟರ್‌ಗಳು ತಮ್ಮ ಅಭ್ಯಾಸದ ದೊಡ್ಡ ಪಾಲನ್ನು ಈ ವೃತ್ತಗಳಿಗೇ ಕೊಟ್ಟವರು. ಅವರು ಜಂಪ್ ಕಡಿಮೆ ಮಾಡುತ್ತಿದ್ದುದಕ್ಕೂ ಅವರ ಎಡ್ಜ್ ಇವತ್ತಿಗೂ ಕಣ್ಣಿಗೆ ತಂಪಾಗಿರುವುದಕ್ಕೂ ಒಂದು ದೊಡ್ಡ ಕಾರಣ ಇದೇ. ತಂದೆಯ ಪ್ರಶ್ನೆಗೂ ಉತ್ತರ ಇಲ್ಲೇ ಇದೆ.

ಹಳೆಯ ಪದ್ಧತಿಯ ಅತಿ ಹೆಚ್ಚಿನ ಅಂಕವಾದ 6.0ರ ಬಗ್ಗೆ ಒಂದು ಮಾತು. ಮಕ್ಕಳು ಅದನ್ನು ಪರೀಕ್ಷೆಯ ನೂರಕ್ಕೆ ನೂರು ಎಂದುಕೊಂಡಿದ್ದರು. 2004ರವರೆಗೆ ನಡೆದ ಆ ಪದ್ಧತಿಯಲ್ಲಿ ಅಂಕ ಎಂದರೆ ತೀರ್ಪುಗಾರರು ಸ್ಕೇಟರ್‌ಗಳನ್ನು ಸಾಲಾಗಿ ನಿಲ್ಲಿಸುವ ಗುರುತು: ಯಾರಿಗಿಂತ ಯಾರು ಮೇಲೆ ಎಂಬುದಷ್ಟೇ ಗಣನೆಗೆ ಬರುತ್ತಿತ್ತು. ಮೊದಲು ಬಂದವರಿಗೆ ಕೈಬಿಗಿ ಹಿಡಿದು ಕೊಡುತ್ತಿದ್ದರು, ಮುಂದೆ ಬರುವವರಿಗೆ ಜಾಗ ಬೇಕಲ್ಲ. ಹಾಗಾಗಿ ಒಂದು ವರ್ಷದ 5.7ನ್ನು ಇನ್ನೊಂದು ವರ್ಷದ 5.9ರ ಪಕ್ಕದಲ್ಲಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಹೊಸ ಕ್ರಮ: ಬೊಲೆರೊದಿಂದ ಶುರು

ಕಾಲಕ್ರಮವನ್ನು ಕೈಬಿಟ್ಟರು. ಹಳೆಯದರಿಂದ ಹೊಸದಕ್ಕೆ ಬರುವುದು ಇತಿಹಾಸ ಓದುವವರಿಗೆ ಸರಿ, ಕಣ್ಣು ಪಳಗಿಸುವವರಿಗೆ ಅಲ್ಲ. ಜಂಪಿನ ಲೆಕ್ಕವೇ ಇಲ್ಲದ ಐಸ್ ಡ್ಯಾನ್ಸ್‌ನಿಂದ ಆರಂಭಿಸಿದರೆ ನೋಡುವವರು ತಾನಾಗಿಯೇ ಪಾದ, ಮೊಣಕಾಲು, ತಾಳದ ಕಡೆ ತಿರುಗುತ್ತಾರೆ. ಅದಕ್ಕೆ ಜೇನ್ ಟಾರ್ವಿಲ್, ಕ್ರಿಸ್ಟಫರ್ ಡೀನ್ 1984ರ ಫೆಬ್ರವರಿ 14ರಂದು ಸರಯೇವೊದಲ್ಲಿ ಮಾಡಿದ ಬೊಲೆರೊಗಿಂತ ಒಳ್ಳೆಯ ಆಯ್ಕೆ ಇಲ್ಲ ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಇಬ್ಬರೂ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು. ಡೀನ್ ಪೊಲೀಸ್ ಆಗಿದ್ದವರು, ಟಾರ್ವಿಲ್ ವಿಮಾ ಕಚೇರಿಯ ಗುಮಾಸ್ತೆಯಾಗಿದ್ದವರು. ಆಗ ಫ್ರೀ ಡ್ಯಾನ್ಸ್ ಎಂದರೆ ಮೂರು ನಾಲ್ಕು ಬೇರೆ ಬೇರೆ ಗತಿಯ ಸಂಗೀತದ ತುಂಡುಗಳನ್ನು ಜೋಡಿಸುವುದು ರೂಢಿ. ಇವರು ಫ್ರೆಂಚ್ ಸಂಗೀತಗಾರ ರಾವೆಲ್‌ನ ಬೊಲೆರೊ ಎಂಬ ಒಂದೇ ಕೃತಿ ಹಿಡಿದರು. ಅದರಲ್ಲಿ ಸಣ್ಣ ಡ್ರಮ್ಮಿನ ಒಂದೇ ನಡೆ ಮೂರರ ಎಣಿಕೆಯಲ್ಲಿ ಕೊನೆವರೆಗೂ ಬಿಡದೆ ಬರುತ್ತದೆ. ಕಾಲ ಬದಲಾಗುವುದಿಲ್ಲ, ಏರುವುದು ನಾದದ ಗಾತ್ರ. ಮೂಲ ಕೃತಿ ಹದಿನೈದು ನಿಮಿಷಕ್ಕೂ ಮೇಲೆ. ಅದನ್ನು ಎಷ್ಟೇ ಕತ್ತರಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕಿರಿದು ಮಾಡಲಾಗಲಿಲ್ಲ. ನಿಯಮದ ಪ್ರಕಾರ 4 ನಿಮಿಷ, ಹೆಚ್ಚೆಂದರೆ ಇನ್ನು 10 ಸೆಕೆಂಡ್. 18 ಸೆಕೆಂಡ್ ಜಾಸ್ತಿಯಾಯಿತು. ನಿಯಮದ ಪುಸ್ತಕ ನೋಡಿದಾಗ ಸಮಯದ ಎಣಿಕೆ ಶುರುವಾಗುವುದು ಸಂಗೀತ ಹೊರಟಾಗಲ್ಲ, ಸ್ಕೇಟಿಂಗ್ ಹೊರಟಾಗ ಎಂದು ಕಂಡಿತು. ಅದಕ್ಕೇ ಇಬ್ಬರೂ ಮಂಡಿಯೂರಿ, ಎದುರುಬದುರು ತೂಗುತ್ತಾ ಆರಂಭಿಸುತ್ತಾರೆ.

ಈ ಕಥೆಯನ್ನು ತರಬೇತುದಾರರು ಮೊದಲೇ ಹೇಳಲಿಲ್ಲ. ಇಬ್ಬರು ಮಕ್ಕಳ ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಒಬ್ಬ ಸಂಗೀತ ಶುರುವಾದಾಗ ಒತ್ತಬೇಕು, ಇನ್ನೊಬ್ಬ ಬ್ಲೇಡ್ ಐಸ್ ಮೇಲೆ ಮೊದಲ ಸಲ ಓಡಿದಾಗ. ಕೊನೆಗೆ ಎರಡರ ನಡುವಿನ ಅಂತರ ಬೋರ್ಡಿನ ಮೇಲೆ ಬರೆದು, ನಿಯಮದ ಸಮಯ ಪಕ್ಕದಲ್ಲಿ ಬರೆದು, ಯಾಕಿರಬಹುದೆಂದು ಕೇಳಿದರು. ಸ್ಕೇಟ್ ನಿಜಕ್ಕೂ ಹೊರಟ ಗಳಿಗೆ ಯಾವುದು ಎಂಬುದರಲ್ಲಿ ಒಂದೆರಡು ಸೆಕೆಂಡಿನ ಜಗಳ ಆಯಿತು, ಮತ್ತೆ ಹಿಂದಕ್ಕೆ ಓಡಿಸಿ ನೋಡಿದರು. ಅಷ್ಟು ಹತ್ತಿರದಿಂದ ಪಾದ ನೋಡಿಸುವುದೇ ಉದ್ದೇಶ.

ಆಮೇಲೆ ಮೇಡಂ ಎಲ್ಲರಿಂದ ಮೂರರ ಎಣಿಕೆಗೆ ಕೈತಾಳ ಹಾಕಿಸಿದರು. ಹಾಕುತ್ತಾ ನೋಡಿದಾಗ ಕಂಡದ್ದು ಇದು: ಆ ಇಬ್ಬರು ಪ್ರತಿ ಪೆಟ್ಟಿಗೂ ಹೆಜ್ಜೆ ಇಡುವುದಿಲ್ಲ. ಡ್ರಮ್ಮನ್ನು ಅದರ ಪಾಡಿಗೆ ಬಿಟ್ಟು, ಮೇಲಿನ ರಾಗದ ಉದ್ದ ವಾಕ್ಯಕ್ಕೆ ಒಂದು ಎಡ್ಜ್ ಎಳೆಯುತ್ತಾರೆ. ವಾಕ್ಯ ಮುಗಿಯುವಲ್ಲಿ ಎಡ್ಜ್ ಬದಲು. ಐಸ್ ಡ್ಯಾನ್ಸ್‌ನಲ್ಲಿ ಸಂಗಾತಿಯನ್ನು ತಲೆಯ ಮೇಲಕ್ಕೆ ಎತ್ತುವಂತಿರಲಿಲ್ಲ, ಬಿಟ್ಟು ದೂರ ಹೋಗುವುದಕ್ಕೂ ಮಿತಿ. ಆ ಕಟ್ಟಿನೊಳಗೆ ಸಂಗೀತದ ಏರಿಕೆಯನ್ನು ವೇಗದಿಂದ, ಇಬ್ಬರ ದೇಹದ ಹತ್ತಿರದಿಂದ, ವಾಲುವಿಕೆಯ ಆಳದಿಂದ ತೋರಿಸಬೇಕಿತ್ತು. ಒಂಬತ್ತೂ ತೀರ್ಪುಗಾರರು ಕಲಾತ್ಮಕತೆಗೆ 6.0 ಕೊಟ್ಟರು, ತಾಂತ್ರಿಕತೆಗೆ ಮೂವರು. ಉಳಿದ ಆರೂ 5.9.

ಜಾನ್ ಕರಿ, ಮತ್ತು ಮೂರು ಸಲ ನೋಡುವ ಕ್ರಮ

ಒಂದು ಸಂಜೆಗೆ ಒಂದೇ ಪ್ರದರ್ಶನ, ಮೂರು ಸಲ. ಮೊದಲ ಸಲ ಯಾರೂ ಮಾತಾಡದೆ ಪೂರ್ತಿ. ಎರಡನೇ ಸಲ ಧ್ವನಿ ಆರಿಸಿ, ಕಣ್ಣು ಪಾದದ ಮೇಲೆ ಮಾತ್ರ. ಮೂರನೇ ಸಲ ಧ್ವನಿಯೊಂದಿಗೆ, ಪ್ರತಿಯೊಬ್ಬರೂ ಒಂದೊಂದು ಅಂಗ ಹಂಚಿಕೊಂಡು: ಒಬ್ಬರು ಬಿಡುಗಾಲು, ಒಬ್ಬರು ಕೈ, ಒಬ್ಬರು ತಲೆ. ಮಾತು ಸೇರಿ ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಇದಕ್ಕಿಂತ ಎಳೆದರೆ ಚಿಕ್ಕ ಮಕ್ಕಳು ಕೂರುವುದಿಲ್ಲ. ಧ್ವನಿ ಆರಿಸುವುದನ್ನು ಕೆಲವು ಪೋಷಕರು ಮೊದಮೊದಲು ಒಪ್ಪಲಿಲ್ಲ. 1973ರ ಬ್ರಾಟಿಸ್ಲಾವಾ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಸೋವಿಯತ್ ಜೋಡಿ ಇರೀನಾ ರೊಡ್ನಿನಾ, ಅಲೆಕ್ಸಾಂಡರ್ ಜೈಟ್ಸೆವ್ ಅವರ ಸಂಗೀತ ನಡುವೆ ನಿಂತುಹೋಯಿತು. ಅವರು ನಿಲ್ಲಲಿಲ್ಲ, ಸದ್ದಿಲ್ಲದೆ ಪೂರ್ತಿ ಮುಗಿಸಿದರು, ಪ್ರಶಸ್ತಿಯನ್ನೂ ಗೆದ್ದರು. ಅದನ್ನು ತೋರಿಸಿದ ಮೇಲೆ ಆಕ್ಷೇಪ ಉಳಿಯಲಿಲ್ಲ.

ಈ ಕ್ರಮ ಚೆನ್ನಾಗಿ ಒದಗಿದ್ದು ಕರಿ ಅವರ ಇನ್ಸ್‌ಬ್ರುಕ್ ಪ್ರದರ್ಶನಕ್ಕೆ. ಸಂಗೀತ ಮಿಂಕಸ್‌ನ ಡಾನ್ ಕಿಹೋಟೆ ಬ್ಯಾಲೆಯದು. ಚಿಕ್ಕಂದಿನಲ್ಲಿ ಬ್ಯಾಲೆ ಕಲಿಯಬೇಕೆಂದಿದ್ದ ಕರಿಗೆ ತಂದೆ ಒಪ್ಪಲಿಲ್ಲ, ಸ್ಕೇಟಿಂಗ್ ಕ್ರೀಡೆಯಾದ್ದರಿಂದ ಅದಕ್ಕೆ ಬಿಟ್ಟರು. 1976ರಲ್ಲಿ ಯುರೋಪ್, ಒಲಿಂಪಿಕ್, ವಿಶ್ವ ಮೂರೂ ಕಿರೀಟ ಅವರಿಗೇ. ಬಿಡುಗಾಲು ನೋಡುತ್ತಿದ್ದ ಹುಡುಗ ಕಂಡದ್ದು: ಜಂಪ್ ಇಳಿದ ಮೇಲೂ ಆ ಕಾಲು ಬೀಳುವುದಿಲ್ಲ, ಸೊಂಟದಿಂದ ಹೊರಕ್ಕೆ ತಿರುಗಿ, ಬೆರಳ ತುದಿವರೆಗೆ ಚಾಚಿಕೊಂಡೇ ಇರುತ್ತದೆ. ಕೈ ನೋಡುತ್ತಿದ್ದವಳು ಕಂಡದ್ದು: ಕೈ ಸಮತೋಲಕ್ಕೆಂದು ಒಮ್ಮೆಯೂ ಬೀಸುವುದಿಲ್ಲ. ಮೇಡಂ ಇದಕ್ಕೆ ಅಂಗಶುದ್ಧಿ ಎಂದರು. ಅವರ ಶಿಷ್ಯೆಯರಲ್ಲಿ ಇಬ್ಬರು ಸ್ಕೇಟಿಂಗಿಗೂ ಬರುವವರು; ಅರೆಮಂಡಿಯಲ್ಲಿ ಮೊಣಕಾಲು ಬಗ್ಗಿಸಿದಷ್ಟು ರಿಂಕಿನಲ್ಲಿ ಯಾಕೆ ಬಗ್ಗಿಸುವುದಿಲ್ಲ ಎಂದು ಅಲ್ಲೇ ಕೇಳಿದರು. ಆಮೇಲಿನ ತರಗತಿಗಳಲ್ಲಿ ವಾರ್ಮ್‌ಅಪ್‌ನ ಕೊನೆಗೆ ಒಂದು ತಳ್ಳಿನ ವೃತ್ತ ಸೇರಿಕೊಂಡಿತು.

ವೇಗ ಅಳೆಯುವುದು ಹೇಗೆಂಬ ಪ್ರಶ್ನೆಯೂ ಬಂತು. ಹಳೆಯ ಕ್ಯಾಮೆರಾ ಸ್ಕೇಟರ್‌ನ ಹಿಂದೆಯೇ ತಿರುಗುವುದರಿಂದ ವೇಗ ಕಡಿಮೆ ಇದ್ದಂತೆ ಭ್ರಮೆಯಾಗುತ್ತದೆ. ಹಿಂಬದಿಯ ಗೋಡೆ ಎಷ್ಟು ಬೇಗ ಸರಿಯುತ್ತದೆಂದು ನೋಡಬೇಕು. ಅದಕ್ಕಿಂತ ಒಳ್ಳೆಯದು 60 ಮೀಟರ್ ಉದ್ದದ ರಿಂಕ್ ದಾಟಲು ಎಷ್ಟು ಸಲ ತಳ್ಳಿದರು ಎಂದು ಎಣಿಸುವುದು. ಕಡಿಮೆ ತಳ್ಳಿ ಹೆಚ್ಚು ದೂರ ಹೋಗುವವರ ಎಡ್ಜ್ ಒಳ್ಳೆಯದು.

ಉಳಿದವುಗಳಲ್ಲಿ ಎಕತೆರಿನಾ ಗೋರ್ದೇವಾ, ಸೆರ್ಗೇಯ್ ಗ್ರಿಂಕೋವ್ 1994ರ ಲಿಲ್ಲೆಹ್ಯಾಮರ್‌ನಲ್ಲಿ ಬೇಥೋವನ್‌ನ ಮೂನ್‌ಲೈಟ್ ಸೊನಾಟಾಕ್ಕೆ ಮಾಡಿದ್ದು ಎಲ್ಲರಿಗೂ ಹಿಡಿಸಿತು. ಎತ್ತರದಲ್ಲಿ ಅಷ್ಟು ಅಂತರವಿರುವ ಇಬ್ಬರ ಮೊಣಕಾಲು ಒಟ್ಟಿಗೆ ಬಗ್ಗುವುದನ್ನು ನೋಡಬೇಕು. ಸ್ಪೀಡ್ ಹುಡುಗರನ್ನು ಹಿಡಿದು ಕೂರಿಸಿದ್ದು ಮಿಡೋರಿ ಇಟೊ. 1992ರ ಆಲ್ಬರ್ಟ್‌ವಿಲ್‌ನ ಫ್ರೀ ಸ್ಕೇಟ್‌ನಲ್ಲಿ ಮೊದಲ ಟ್ರಿಪಲ್ ಆಕ್ಸೆಲ್ ತಪ್ಪಿದ ಮೇಲೆ, ದಣಿದ ಕೊನೆಯ ಭಾಗದಲ್ಲಿ ಮತ್ತೆ ಅದನ್ನೇ ಹಾಕಿ ನಿಲ್ಲಿಸಿದರು. ಒಲಿಂಪಿಕ್ಸ್‌ನಲ್ಲಿ ಅದನ್ನು ಮಾಡಿದ ಮೊದಲ ಮಹಿಳೆ ಅವರು. 1988ರ ಬ್ರಯಾನ್ ಬೊಯ್ಟಾನೊ, ಬ್ರಯಾನ್ ಓರ್ಸರ್ ಪೈಪೋಟಿಯನ್ನು ಒಂದೇ ಸಂಜೆ ಎರಡೂ ತೋರಿಸಿ, ಮಕ್ಕಳಿಂದಲೇ ಮತ ಹಾಕಿಸಿದರು. ನಿಜವಾದ ತೀರ್ಪು 5–4ರಲ್ಲಿ ಬೊಯ್ಟಾನೊ ಕಡೆ. ಹಾಲಿನಲ್ಲೂ ಮತ ಒಡೆದೇ ಬಂತು. ಒಂದು ಕೈ ತಲೆಯ ಮೇಲೆತ್ತಿ ಬೊಯ್ಟಾನೊ ಹೊಡೆದ ಲುಟ್ಜನ್ನು ಇ ಕೀಯಲ್ಲಿ ಒಂದೊಂದೇ ಚಿತ್ರ ಸರಿಸಿ ನೋಡಿದರೆ ಔಟ್‌ಸೈಡ್ ಎಡ್ಜ್ ಕೊನೆವರೆಗೂ ಬದಲಾಗದೆ ನಿಂತಿರುವುದು ಸ್ಪಷ್ಟ.

ಬಗೆಹರಿಯದೆ ಉಳಿದದ್ದು ಹಳೆಯ ಕಪ್ಪುಬಿಳುಪಿನ ಭಾಗ. ಹೆನಿ, ಬಟನ್ ಇಬ್ಬರನ್ನೂ ಪಟ್ಟಿಯ ಕೊನೆಗೆ ಹಾಕಿದರೂ ಮಕ್ಕಳ ಆಸಕ್ತಿ ಬಟನ್ ಅವರ ಟ್ರಿಪಲ್ ಲೂಪ್‌ವರೆಗೆ ಮಾತ್ರ. ದೂರದಿಂದ ತೆಗೆದ ಮಸುಕು ಚಿತ್ರದಲ್ಲಿ ಪಾದ ಸರಿಯಾಗಿ ಕಾಣದಿದ್ದರೆ ಮೇಲಿನ ಯಾವ ಉಪಾಯವೂ ನಡೆಯುವುದಿಲ್ಲ. ಅಂಥದ್ದನ್ನು ಎರಡು ನಿಮಿಷಕ್ಕೆ ಕತ್ತರಿಸಿ, ನಂತರ ಬರುವ ಪ್ರದರ್ಶನಕ್ಕೆ ಪೀಠಿಕೆಯಾಗಿ ಇಡುವುದು ವಾಸಿ. ಮುಂದಿನ ಮಳೆಗಾಲದ ಪಟ್ಟಿಯಲ್ಲಿ ಲ್ಯುದ್ಮಿಲಾ ಬೆಲೊಊಸೊವಾ, ಒಲೆಗ್ ಪ್ರೊಟೊಪೊಪೊವ್ ಜೋಡಿಯ ಡೆತ್ ಸ್ಪೈರಲ್‌ಗಳು (ಪುರುಷ ಒಂದೆಡೆ ನಿಂತು, ಐಸಿಗೆ ತಾಗುವಷ್ಟು ವಾಲಿದ ಮಹಿಳೆಯನ್ನು ಕೈ ಹಿಡಿದು ಸುತ್ತಿಸುವುದು), 1998ರ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯ ಮಿಶೆಲ್ ಕ್ವಾನ್ ಸೇರಿವೆ. ಡೆತ್ ಸ್ಪೈರಲ್‌ಗೆ ಕ್ಯಾಮೆರಾ ಪಾದದ ಹತ್ತಿರವಿರುವ ಪ್ರತಿ ಬೇಕು. ಪುರುಷ ಸ್ಕೇಟರ್‌ನ ಟೋ ಪಿಕ್ ಐಸಿನಲ್ಲಿ ನಾಟಿದ ಒಂದೇ ಗುಳಿಯಲ್ಲಿ ಉಳಿಯಿತೇ, ಮಹಿಳೆಯ ಬ್ಲೇಡ್ ಯಾವ ಎಡ್ಜ್‌ನಲ್ಲಿದೆ ಎಂಬ ಎರಡು ವಿಷಯ ಕಾಣದ ಪ್ರತಿಯನ್ನು ಹಾಕುವುದಿಲ್ಲವೆಂದು ತರಬೇತುದಾರರು ಈಗಲೇ ಬರೆದಿಟ್ಟಿದ್ದಾರೆ.